ನಡೆಯುತ್ತಲೇ ಇರುವ ಕಂಪ್ಯೂಟರು, ನಿಂತುಹೋದ ತೇಪೆ

ಲೇಕ್ ಗಾರ್ಡನ್ಸ್ ನಿಲ್ದಾಣದಲ್ಲಿ ಲೋಕಲ್ ರೈಲಿಳಿದು ಮೇಲ್ಸೇತುವೆಯ ಪಕ್ಕದ ಗಲ್ಲಿಗೆ ಹೊರಳಿದರೆ ನಾನು ಯಾವಾಗಲೂ ಹೋಗುವ ಝೆರಾಕ್ಸ್ ಅಂಗಡಿಯಿದೆ. ಒಂದು ಮೇಜು, ಒಂದು ಪ್ರಿಂಟರ್, ಹತ್ತು ವರ್ಷದ ಹಿಂದೆ ಕೊಂಡ ಒಂದು ಕಂಪ್ಯೂಟರು. ದಕ್ಷಿಣ ಕೋಲ್ಕತ್ತಾದ ಈ ಬಡಾವಣೆಯ ಕಾಗದಪತ್ರಗಳೆಲ್ಲ ಆ ಮೇಜನ್ನು ದಾಟಿಯೇ ಹೋಗುತ್ತವೆ ಎನ್ನಬೇಕು. ಬೆಳಗ್ಗೆ ಶಾಲೆಯ ಅರ್ಜಿ, ಮಧ್ಯಾಹ್ನ ಬಾಡಿಗೆ ಕರಾರು, ಸಂಜೆ ರೈಲು ಟಿಕೆಟ್. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವಕ್ಕೆ ಹೊತ್ತುಗೊತ್ತಿಲ್ಲ. ಜನ ಪೆನ್‌ಡ್ರೈವ್ ಕೊಡುತ್ತಾರೆ, ಇಲ್ಲವೇ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅಂಗಡಿಯವರು ತೆರೆದು, ಮುದ್ರಿಸಿ, ಎರಡು ರೂಪಾಯಿ ಲೆಕ್ಕ ಹೇಳುತ್ತಾರೆ.

ಒಂದು ದಿನ ನಾನು ಅಲ್ಲಿ ನಿಂತಿದ್ದಾಗ ಪರದೆಯ ಮೇಲೊಂದು ಸೂಚನೆ ಮೂಡಿತು: ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ. ಅವರು ಅದನ್ನು ಓದದೆಯೇ ಮುಚ್ಚಿದರು. ನಾನು ಕೇಳಿದೆ. "ಮೆಷಿನ್ ತೋ ಚೋಲ್ಛೇ, ದಾದಾ" ಎಂದರು. ಮೆಷಿನ್ನು ನಡೀತಾನೇ ಇದೆಯಲ್ಲ ಅಣ್ಣಾ.

ಮಾತು ನಿಜ. ಕಂಪ್ಯೂಟರು ನಡೆಯುತ್ತಿದೆ, ನಾಳೆಯೂ ನಡೆಯುತ್ತದೆ. ನಾನು ಹೇಳಹೊರಟಿರುವ ಅಪಾಯ ಇರುವುದು ಅಲ್ಲಿಯೇ. ಕೆಟ್ಟು ನಿಂತ ಯಂತ್ರವನ್ನು ನಾವು ರಿಪೇರಿಗೆ ಒಯ್ಯುತ್ತೇವೆ. ನಡೆಯುತ್ತಲೇ ಇರುವ, ಆದರೆ ಒಳಗಿನ ಕಿಂಡಿಗಳನ್ನು ಯಾರೂ ಮುಚ್ಚದ ಯಂತ್ರವನ್ನು ವರ್ಷಗಟ್ಟಲೆ ನಂಬಿಕೊಂಡಿರುತ್ತೇವೆ.

ಅಂದು ನಿಂತದ್ದೇನು?

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಅದರ ಉಚಿತ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ರಂದು. ಅಂದು ಯಾರ ಪರದೆಯೂ ಕಪ್ಪಾಗಲಿಲ್ಲ, ಯಾರ ಕಡತವೂ ಅಳಿಸಿಹೋಗಲಿಲ್ಲ. ನಿಂತದ್ದು ತೇಪೆ ಹಾಕುವ ಕೆಲಸ.

ಕೋಟಿಗಟ್ಟಲೆ ಸಾಲುಗಳ ತಂತ್ರಾಂಶದಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಕೆಲವು ಬರೀ ಕಿರಿಕಿರಿ ಕೊಡುತ್ತವೆ. ಕೆಲವು ಮಾತ್ರ ಕನ್ನಗಳ್ಳನಿಗೆ ಒಳದಾರಿಯಾಗುತ್ತವೆ. ಅಂಥವು ಪತ್ತೆಯಾದ ಹಾಗೆ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳ ಗಂಟನ್ನು ಕಳಿಸುತ್ತದೆ. ಅಕ್ಟೋಬರ್ 14ರ ಆ ಕೊನೆಯ ಉಚಿತ ಗಂಟಿನಲ್ಲಿ ಕಂಪನಿಯ ಬೇರೆ ಬೇರೆ ತಂತ್ರಾಂಶಗಳ 170ಕ್ಕೂ ಹೆಚ್ಚು ದೋಷಗಳಿಗೆ ತೇಪೆಯಿತ್ತು. ಹತ್ತು ವರ್ಷ ತಿದ್ದಿದ ಮೇಲೂ ಒಂದೇ ತಿಂಗಳಲ್ಲಿ ಇಷ್ಟು ಸಿಕ್ಕಿದವು ಎಂದರೆ ಮುಂದಿನ ತಿಂಗಳಿಂದ ದೋಷಗಳೇ ಇರುವುದಿಲ್ಲ ಎಂದು ನಂಬಲು ಕಾರಣವಿಲ್ಲ.

ಹಾಗೆ ಆಗಲೂ ಇಲ್ಲ. ಸರಿಯಾಗಿ 28 ದಿನಗಳ ಮೇಲೆ, ನವೆಂಬರ್ 11ರಂದು, ವಿಂಡೋಸಿನ ತಿರುಳಾದ ಕರ್ನಲ್‌ನಲ್ಲಿದ್ದ ಸಿವಿಇ-2025-62215 ಎಂಬ ದೋಷಕ್ಕೆ ತೇಪೆ ಬಂತು. ಪ್ರಕಟಿಸುವ ಹೊತ್ತಿಗಾಗಲೇ ದಾಳಿಕೋರರು ಅದನ್ನು ಬಳಸುತ್ತಿದ್ದರು. ಆ ಕಿಂಡಿಯೊಂದರಿಂದಲೇ ಹೊರಗಿನವರು ಒಳಬರಲು ಆಗುವುದಿಲ್ಲ. ಆದರೆ ಒಂದು ಮೋಸದ ಕಡತದ ಮೂಲಕ ಹೇಗೋ ಒಳಗೆ ಕಾಲಿಟ್ಟವರು ಅದನ್ನು ಹಿಡಿದು ಇಡೀ ಕಂಪ್ಯೂಟರಿನ ಯಜಮಾನರಾಗಬಹುದು. ದೋಷ ವಿಂಡೋಸ್ 10ರಲ್ಲೂ ಇತ್ತು. ಮುಂದೆ ಹೇಳಲಿರುವ ವಿಸ್ತೃತ ಬೆಂಬಲಕ್ಕೆ ಹೆಸರು ಬರೆಸಿದವರಿಗೆ ತೇಪೆ ತಲುಪಿತು. ಸೂಚನೆಯನ್ನು ಓದದೆ ಮುಚ್ಚಿದವರಿಗೆ ತಲುಪಲಿಲ್ಲ.

ಇದರ ಹಿಂದೆ ಇನ್ನೊಂದು ಕ್ರೂರ ತರ್ಕವಿದೆ. ವಿಂಡೋಸ್ 11 ಹೊಸ ಮನೆಯಲ್ಲ, ಹಳೆಯ ತಳಪಾಯದ ಮೇಲೆ ಎಬ್ಬಿಸಿದ ಮನೆ. ಎರಡಕ್ಕೂ ಸಮಾನವಾದ ಭಾಗಗಳು ಬಹಳ. ಹೊಸದಕ್ಕೆ ತೇಪೆ ಬಂದ ದಿನವೇ ಕನ್ನಗಳ್ಳರು ತೇಪೆಯ ಹಿಂದಿನ ಮತ್ತು ಮುಂದಿನ ಕಡತಗಳನ್ನು ಪಕ್ಕಪಕ್ಕ ಇಟ್ಟು ಏನು ಬದಲಾಯಿತೆಂದು ಹುಡುಕುತ್ತಾರೆ. ಬದಲಾದ ಜಾಗವೇ ಕಿಂಡಿಯ ವಿಳಾಸ. ಹೊಸ ಮನೆಗೆ ಹಾಕಿದ ಪ್ರತಿ ತೇಪೆಯೂ ಹಳೆಯ ಮನೆಯ ಗೋಡೆ ಎಲ್ಲಿ ಟೊಳ್ಳು ಎಂದು ತೋರಿಸುವ ನಕ್ಷೆಯಾಗುತ್ತದೆ. ಇಂಥ ನಕ್ಷೆ ತಿಂಗಳಿಗೊಂದು ಬರುತ್ತಲೇ ಇರುತ್ತದೆ.

ಮೇದಿನೀಪುರ ಕಂಡ ಮೇ ತಿಂಗಳು

ಇದು ಬರೀ ಊಹೆಯೆನ್ನುವವರು 2017ರ ಮೇ 12ನ್ನು ನೆನಪಿಸಿಕೊಳ್ಳಬೇಕು. ಅಂದು ವಾನಾಕ್ರೈ ಎಂಬ ಹುಳು ಹೊರಬಿತ್ತು. ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು 300 ಡಾಲರ್ ಬಿಟ್‌ಕಾಯಿನ್ ಕೇಳುವ ತಂತ್ರಾಂಶ ಅದು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ತೇಪೆಯಿಲ್ಲದ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹರಿಯುತ್ತಿತ್ತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಸಿಲುಕಿದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ಭೇಟಿಗಳು ರದ್ದಾದವೆಂದು ಅಲ್ಲಿನ ಲೆಕ್ಕಪರಿಶೋಧಕರು ಅಂದಾಜಿಸಿದರು.

ನಮ್ಮ ಪಶ್ಚಿಮ ಬಂಗಾಳವೂ ತಪ್ಪಿಸಿಕೊಳ್ಳಲಿಲ್ಲ. ಪಶ್ಚಿಮ ಮೇದಿನೀಪುರ ಜಿಲ್ಲೆಯಲ್ಲಿ ರಾಜ್ಯ ವಿದ್ಯುತ್ ವಿತರಣಾ ಸಂಸ್ಥೆಯ ಕೆಲವು ಗ್ರಾಹಕ ಕೇಂದ್ರಗಳ ಕಂಪ್ಯೂಟರುಗಳು ಬೀಗಬಿದ್ದು ಕೂತವು. ಕೇರಳದ ಪಂಚಾಯತಿ ಕಚೇರಿಗಳಿಂದಲೂ ಅದೇ ಸುದ್ದಿ ಬಂತು. ಲಂಡನ್ನಿಗೆ ಗುರಿಯಿಟ್ಟ ಹುಳು ದಾರಿತಪ್ಪಿ ಇಲ್ಲಿಗೆ ಬಂದದ್ದಲ್ಲ. ಹುಳುವಿಗೆ ಊರು ಗೊತ್ತಿರುವುದಿಲ್ಲ. "ನನ್ನ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿದೆ" ಎಂದು ನಾವು ಹೇಳುವುದು ಕಳ್ಳ ಮನೆ ನೋಡಿ ಆರಿಸುತ್ತಾನೆಂಬ ನಂಬಿಕೆಯಿಂದ. ಈ ಕಳ್ಳ ಬೀದಿಯ ಎಲ್ಲ ಬಾಗಿಲನ್ನೂ ತಳ್ಳುತ್ತಾ ಹೋಗುತ್ತಾನೆ.

ಆ ಘಟನೆಯ ಎರಡು ವಿವರಗಳು ಇಂದಿನ ನಮಗೆ ಬಹಳ ಮುಖ್ಯ. ಮೊದಲನೆಯದು: ಹುಳು ಬಳಸಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ 59 ದಿನ ಮೊದಲೇ, ತೇಪೆ ಕೊಟ್ಟಿತ್ತು. ಎರಡನೆಯದು: ಸಿಲುಕಿದವುಗಳಲ್ಲಿ ಸುಮಾರು ಶೇಕಡಾ 98 ವಿಂಡೋಸ್ 7 ಯಂತ್ರಗಳೆಂದು ಕ್ಯಾಸ್ಪರ್‌ಸ್ಕೀ ಸಂಸ್ಥೆ ಲೆಕ್ಕಹಾಕಿತು. ವಿಂಡೋಸ್ 7ಕ್ಕೆ ಆಗ ಇನ್ನೂ ಬೆಂಬಲವಿತ್ತು, ತೇಪೆ ಉಚಿತವಾಗಿಯೇ ಸಿಗುತ್ತಿತ್ತು. ಹಾಕಿಕೊಳ್ಳದವರು ಹಾಳಾದರು. ತೇಪೆ ಇದ್ದೂ ಹಾಕದಿದ್ದಕ್ಕೆ ಅಷ್ಟು ಅನಾಹುತವಾಯಿತು. ಈಗ ವಿಸ್ತೃತ ಬೆಂಬಲಕ್ಕೆ ಹೆಸರು ಬರೆಸದವರ ಎದುರು ಇರುವುದು ತೇಪೆಯೇ ಬಾರದ ಸ್ಥಿತಿ.

ಮುಂದಿನ ದಿನಾಂಕಗಳು

ವಿಸ್ತೃತ ಭದ್ರತಾ ಬೆಂಬಲವೊಂದಿದೆ. ಮೈಕ್ರೋಸಾಫ್ಟ್ ಪ್ರಕಟಿಸಿದಂತೆ ಮನೆಬಳಕೆದಾರರಿಗೆ ಅದು 2026ರ ಅಕ್ಟೋಬರ್ 13ರವರೆಗೆ. 30 ಡಾಲರ್ ಕೊಟ್ಟು ಪಡೆಯಬಹುದು, ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳನ್ನು ಅದರ ಕ್ಲೌಡ್‌ಗೆ ಒಪ್ಪಿಸಿದರೆ ಉಚಿತ. ವಿಂಡೋಸ್ 10 ಬಿಡಲಾಗದವರು ಇದಕ್ಕೆ ಇಂದೇ ಹೆಸರು ಬರೆಸಲಿ. ಆದರೆ ಇದು ಮನೆ ಬದಲಿಸಲು ಸಿಕ್ಕ ಗಡುವು, ಮನೆಯಲ್ಲ. ಸಂಸ್ಥೆಗಳು ಹಣ ಕೊಟ್ಟು ಮೂರು ವರ್ಷದವರೆಗೆ ಎಳೆಯಬಹುದು, ಆದರೆ ಮೊದಲ ವರ್ಷ ಯಂತ್ರಕ್ಕೆ 61 ಡಾಲರ್ ಇದ್ದದ್ದು ವರ್ಷ ವರ್ಷ ಎರಡು ಪಟ್ಟಾಗುತ್ತದೆ.

ಕಡಿಮೆ ಜನ ಗಮನಿಸಿರುವ ಇನ್ನೊಂದು ಗಡುವಿದೆ. ಕಂಪ್ಯೂಟರು ಹೊತ್ತಿಕೊಳ್ಳುವಾಗ ತಾನು ಓಡಿಸುತ್ತಿರುವುದು ಅಸಲಿ ತಂತ್ರಾಂಶವೇ ಎಂದು ಪರೀಕ್ಷಿಸುವ ಏರ್ಪಾಡಿಗೆ ಸೆಕ್ಯೂರ್ ಬೂಟ್ ಎಂದು ಹೆಸರು. ಅದು ನೆಚ್ಚಿಕೊಂಡ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ, ಅಕ್ಟೋಬರ್‌ನಲ್ಲಿ ಇನ್ನೊಂದು ಮುಗಿಯುತ್ತದೆ. ಅಪ್‌ಡೇಟ್ ಬರುವ ಯಂತ್ರಗಳಿಗೆ 2023ರ ಹೊಸ ಪ್ರಮಾಣಪತ್ರ ತಲುಪುತ್ತದೆ. ಬೆಂಬಲವಿಲ್ಲದ ಯಂತ್ರಗಳು ಆಗಲೂ ಹೊತ್ತಿಕೊಳ್ಳುತ್ತವೆ, ಆದರೆ ಹೊಸ್ತಿಲಲ್ಲಿ ನಿಂತ ಕಾವಲುಗಾರನಿಗೆ ಹೊಸ ಕಳ್ಳರ ಗುರುತುಪಟ್ಟಿ ಬರುವುದಿಲ್ಲ.

"ಆ್ಯಂಟಿವೈರಸ್ ಇದೆಯಲ್ಲ" ಎನ್ನುವವರಿದ್ದಾರೆ. ವಿಂಡೋಸ್ 10ರಲ್ಲಿರುವ ಡಿಫೆಂಡರ್‌ಗೆ ವೈರಸ್‌ಗಳ ಹೊಸ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ. ಆದರೆ ಆ್ಯಂಟಿವೈರಸ್ ಗುರುತಿಸುವುದು ಒಳಬಂದವರ ಮುಖವನ್ನು. ಗೋಡೆಯ ಕಿಂಡಿ ಮುಚ್ಚುವುದು ಅದರ ಕೆಲಸವಲ್ಲ. ಮುಂದೆ ಬ್ರೌಸರುಗಳೂ ಕೈಬಿಡುತ್ತವೆ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು, ಮೂರು ವರ್ಷದ ಮೇಲೆ, 2023ರ ಆರಂಭದಲ್ಲಿ, ಕ್ರೋಮ್ ಅದನ್ನು ಬಿಟ್ಟಿತು. ಹಳೆಯ ಬ್ರೌಸರ್ ಇಟ್ಟುಕೊಂಡು ಬ್ಯಾಂಕಿನ ಬಾಗಿಲು ತಟ್ಟುವುದು ಎಂಥ ಅಪಾಯವೆಂದು ಬಿಡಿಸಿ ಹೇಳಬೇಕಿಲ್ಲ.

ವಿಂಡೋಸ್ 11 ಹಾಕಿಸಿಕೊಂಡರಾಯಿತಲ್ಲ? ಯಂತ್ರ ಒಪ್ಪಿದರೆ ಹಾಕಿಸಿಕೊಳ್ಳಿ, ಅದು ನೇರವಾದ ದಾರಿ. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ 2017ರಲ್ಲಿ ಬಂದ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ ಯಂತ್ರಗಳನ್ನು ಅದು ಅಧಿಕೃತವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗೆ ಹೊರಗುಳಿದು ಕಸವಾಗಬಹುದಾದ ಕಂಪ್ಯೂಟರುಗಳು ಜಗತ್ತಿನಲ್ಲಿ ಸುಮಾರು 24 ಕೋಟಿ ಎಂದು ಕ್ಯಾನಲಿಸ್ ಸಂಸ್ಥೆ 2023ರಲ್ಲಿ ಅಂದಾಜಿಸಿತು. 2022ರಲ್ಲಿ ಜಗತ್ತು ಹುಟ್ಟಿಸಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಅದರಲ್ಲಿ ಶೇಕಡಾ 22.3 ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಬರಿಗೈಯಿಂದ ತಂತಿ ಸುಟ್ಟು ತಾಮ್ರ ತೆಗೆಯುವವರ ಶ್ವಾಸಕೋಶದೊಳಗೆ ಹೋಗುತ್ತದೆ.

ಇನ್ನೊಂದು ದಾರಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ: ಪರವಾನಗಿಯ ಬೀಗ ಮುರಿಯುವ ಕ್ರ್ಯಾಕ್. ನಮ್ಮ ದೇಶದಲ್ಲಿ 2017ರಲ್ಲಿ ಕಂಪ್ಯೂಟರುಗಳಲ್ಲಿದ್ದ ತಂತ್ರಾಂಶದ ಶೇಕಡಾ 56 ಪರವಾನಗಿಯಿಲ್ಲದ್ದು ಎಂದು ತಂತ್ರಾಂಶ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ ಹೇಳಿತ್ತು. ಕ್ರ್ಯಾಕ್ ಓಡಿಸುವುದೆಂದರೆ ಆ್ಯಂಟಿವೈರಸ್ ಆರಿಸಿ, ಅಪರಿಚಿತನಿಗೆ ಬೀಗದ ಕೈ ಕೊಟ್ಟು, ಒಳಗೆ ಬಾ ಎನ್ನುವುದು. ಉಕ್ರೇನಿನಲ್ಲಿ ಸ್ಯಾಂಡ್‌ವರ್ಮ್ ಎಂಬ ರಷ್ಯನ್ ಸೇನಾ ಹ್ಯಾಕರ್ ತಂಡ ಇಂಥದ್ದೇ ಕೆಎಂಎಸ್ ಆ್ಯಕ್ಟಿವೇಟರ್‌ನೊಳಗೆ ಗೂಢಚಾರ ತಂತ್ರಾಂಶ ಅಡಗಿಸಿ ಹಂಚಿದ್ದನ್ನು 2025ರಲ್ಲಿ ಭದ್ರತಾ ಸಂಶೋಧಕರು ಬಯಲು ಮಾಡಿದರು.

ಒಂದೇ ಅಕ್ಕಿ, ಹಲವು ಊಟ

ಇನ್ನುಳಿದದ್ದು ಲಿನಕ್ಸ್. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ, 21ನೇ ವಯಸ್ಸಿನಲ್ಲಿ, ಬರೆದು ಎಲ್ಲರಿಗೂ ಹಂಚಿದ ಕರ್ನಲ್ ಅದು. ಹೆಸರು ಕೇಳಿ ಹೆದರಬೇಕಿಲ್ಲ. ಲೇಕ್ ಗಾರ್ಡನ್ಸ್‌ನಲ್ಲಿ ಆ್ಯಂಡ್ರಾಯ್ಡ್ ಫೋನ್ ಹಿಡಿದ ಪ್ರತಿಯೊಬ್ಬರ ಕೈಯಲ್ಲೂ ಅದೇ ಕರ್ನಲ್ ಇದೆ.

ಕರ್ನಲ್ ಅಕ್ಕಿಯಿದ್ದಂತೆ. ಬರೀ ಅಕ್ಕಿ ತಿನ್ನಲಾಗದು. ಅದರ ಸುತ್ತ ಸಾರು, ಪಲ್ಯ, ಉಪ್ಪಿನಕಾಯಿ ಜೋಡಿಸಿ ಬಡಿಸಿದ ಊಟವೇ ಡಿಸ್ಟ್ರಿಬ್ಯೂಷನ್, ಬಳಸುವವರ ಬಾಯಲ್ಲಿ ಡಿಸ್ಟ್ರೋ. ಅಕ್ಕಿ ಒಂದೇ ಆದರೂ ಮೈಸೂರಿನ ಊಟ ಬೇರೆ, ಕೋಲ್ಕತ್ತಾದ ಊಟ ಬೇರೆ. ಡಿಸ್ಟ್ರೋಗಳು ನೂರಾರಿವೆ, ಹೊಸಬರು ಕಂಗೆಡುವುದು ಇಲ್ಲಿಯೇ. ಚಂದದ ಪರದೆ ನೋಡಿ ಆರಿಸಿದವರು ವರ್ಷದೊಳಗೆ ವಿಂಡೋಸ್ 10ರ ಕಷ್ಟವನ್ನೇ ಮತ್ತೆ ಎದುರಿಸಬೇಕಾಗಬಹುದು. ಏಕೆಂದರೆ ಲಿನಕ್ಸಿನ ಪ್ರತಿ ಆವೃತ್ತಿಗೂ ಕೊನೆಯ ದಿನವಿದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಇದಕ್ಕೆ ತೇಪೆ ಹಾಕುವವರು ಯಾರು, ಎಲ್ಲಿಯವರೆಗೆ?

ಲಿನಕ್ಸ್ ಮಿಂಟ್ 22ರ ಸರಣಿಗೆ ಬೆಂಬಲ 2029ರ ಏಪ್ರಿಲ್‌ವರೆಗೆ. ಎಡ ಮೂಲೆಯ ಮೆನು, ಕೆಳಗಿನ ಪಟ್ಟಿ ಎಲ್ಲವೂ ವಿಂಡೋಸ್ ಬಳಸಿದವರ ಕೈಗೆ ಪರಿಚಿತ. 2 ಜಿಬಿ ರ್‍ಯಾಮ್‌ನಲ್ಲಿ ಏಳುತ್ತದೆ, 4 ಜಿಬಿ ಇದ್ದರೆ ನೆಮ್ಮದಿ. ಉಬುಂಟು 24.04ಕ್ಕೆ ಐದು ವರ್ಷ. ಸ್ವಂತ ಬಳಕೆಯ ಐದು ಯಂತ್ರಗಳವರೆಗೆ ಉಬುಂಟು ಪ್ರೋ ಉಚಿತ, ಅದನ್ನು ಸೇರಿಸಿದರೆ ಹತ್ತು ವರ್ಷ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ 2030ರವರೆಗೆ ತೇಪೆಯುಂಟು. ವಿಂಡೋಸ್ 10 ಮುಗಿದ ದಿನವೇ ಹೊರಬಂದ ಝೋರಿನ್ 18ಕ್ಕೆ 2029ರವರೆಗೆ. ಭಾರತದ್ದೇ ಬೇಕೆಂದರೆ ಸಿ-ಡ್ಯಾಕ್ ರೂಪಿಸಿದ, ಡೆಬಿಯನ್ ಆಧಾರದ ಬಾಸ್ ಲಿನಕ್ಸ್ ಇದೆ.

ಈಗ ಇನ್ನೊಂದು ಬದಿ ನೋಡಿ. ಉಬುಂಟುವಿನ ಹಗುರ ತಂಗಿಯರಾದ ಲುಬುಂಟು, ಝುಬುಂಟುಗಳ 24.04 ಆವೃತ್ತಿಗೆ ಅವುಗಳ ತಂಡಗಳ ಬೆಂಬಲ ಮೂರೇ ವರ್ಷ, 2027ರವರೆಗೆ. ಫೆಡೋರದ ಪ್ರತಿ ಆವೃತ್ತಿಗೂ ಸುಮಾರು 13 ತಿಂಗಳು. ಫೆಡೋರ ಒಳ್ಳೆಯ ಡಿಸ್ಟ್ರೋ, ತಿಳಿದವರ ಕೈಯಲ್ಲಿ. ವರ್ಷಕ್ಕೊಮ್ಮೆ ಆವೃತ್ತಿ ಏರಿಸಲು ನೆನಪಿಸುವವರಿಲ್ಲದ ಝೆರಾಕ್ಸ್ ಅಂಗಡಿಗೆ ಅದನ್ನು ಹಾಕಿಕೊಟ್ಟು ಬರುವುದು ಉಪಕಾರವಲ್ಲ.

ಎರಡನೆಯ ಪ್ರಶ್ನೆ: ನಿಮ್ಮ ಕೆಲಸದ ಸಾಧನಗಳು ಇದಕ್ಕೆ ಒಗ್ಗುತ್ತವೆಯೇ? ನಮ್ಮ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನು ಲಿನಕ್ಸ್‌ನಲ್ಲಿ ಓಡಿಸುವುದು ತ್ರಾಸದ ಕೆಲಸ. ಎಚ್‌ಪಿಯ ಬಹುಪಾಲು ಪ್ರಿಂಟರುಗಳು ಚುಚ್ಚಿದೊಡನೆ ನಡೆಯುತ್ತವೆ. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ಲೆಕ್ಕ ಬರೆಯುವವರು ಅದಕ್ಕೆಂದೇ ವಿಂಡೋಸ್ 11ರ ಒಂದು ಯಂತ್ರವನ್ನು ಇಟ್ಟುಕೊಳ್ಳುವುದೇ ಪ್ರಾಮಾಣಿಕ ಸಲಹೆ. ತೆರಿಗೆ ಸಲ್ಲಿಸಲು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದರ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಮೂರನೆಯ ಪ್ರಶ್ನೆ, ನನ್ನ ಮಟ್ಟಿಗೆ ಮೊದಲನೆಯದಷ್ಟೇ ತೂಕದ್ದು: ತೊಡಕಾದಾಗ ನಡೆದು ಹೋಗುವಷ್ಟು ದೂರದಲ್ಲಿ ಕೇಳಲು ಯಾರಿದ್ದಾರೆ? ಎದುರು ಮನೆಯ ಕಾಲೇಜು ಹುಡುಗಿ ಉಬುಂಟು ಬಳಸುತ್ತಿದ್ದರೆ ನಿಮಗೂ ಉಬುಂಟುವೇ ಒಳ್ಳೆಯ ಡಿಸ್ಟ್ರೋ.

ಕಾಸರಗೋಡಿನ ಮಕ್ಕಳು ಮಾಡಿ ತೋರಿಸಿದ್ದು

ಇದು ತಜ್ಞರಿಗಷ್ಟೇ ಸಾಧ್ಯ ಎಂಬ ಅಳುಕಿಗೆ ಉತ್ತರ ಕನ್ನಡದ ಅಂಗಳದಲ್ಲೇ ಇದೆ. ಕೇರಳ ಸರ್ಕಾರ 2001ರಲ್ಲಿ ಶುರುಮಾಡಿದ ಐಟಿ@ಸ್ಕೂಲ್ ಯೋಜನೆ, ಈಗಿನ ಕೈಟ್, ಶಾಲೆಗಳ ಕಂಪ್ಯೂಟರ್ ಪಾಠವನ್ನು ಸ್ವತಂತ್ರ ತಂತ್ರಾಂಶದ ಮೇಲೆ ನಿಲ್ಲಿಸಿತು. 2019ರಲ್ಲಿ ಹೊಸ ಆವೃತ್ತಿಯನ್ನು ಎರಡು ಲಕ್ಷ ಕಂಪ್ಯೂಟರುಗಳಿಗೆ ಒಯ್ಯುವಾಗ ಪರವಾನಗಿ ಶುಲ್ಕದಲ್ಲಿ ಉಳಿದದ್ದು 3,000 ಕೋಟಿ ರೂಪಾಯಿ ಎಂದು ಕೈಟ್ ಲೆಕ್ಕ ಕೊಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ಯೋಜನೆಯೊಳಗಿನವರೇ. ಐಟಿ ಪಠ್ಯವನ್ನು ಕನ್ನಡದಲ್ಲಿ ಓದಿ, ಲಿನಕ್ಸ್ ಯಂತ್ರದ ಮುಂದೆ ಕೂತು ಕಲಿಯುತ್ತಾರೆ. ಹದಿಮೂರು ವರ್ಷದ ಮಗು ಕಲಿಯಬಲ್ಲದ್ದನ್ನು ಹಿರಿಯರು ಕಲಿಯಲಾರರೇ?

ಆದರೆ ಒಳ್ಳೆಯ ಉದ್ದೇಶವೊಂದೇ ಸಾಲದು ಎನ್ನಲೂ ಸಾಕ್ಷಿಯಿದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ತೀರ್ಮಾನಿಸಿ, ಹತ್ತು ವರ್ಷ ದುಡಿದು, ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದಿತು. 2017ರಲ್ಲಿ ನಗರಸಭೆ ವಿಂಡೋಸ್‌ಗೆ ಮರಳುವ ನಿರ್ಣಯ ಮಾಡಿತು. ರಾಜಕೀಯವೂ ಇತ್ತು, ಹೊರಗಿನಿಂದ ಬರುವ ಕಡತಗಳು ಸರಿಯಾಗಿ ತೆರೆಯುವುದಿಲ್ಲವೆಂಬ ನೌಕರರ ದೂರೂ ಇತ್ತು. ಯಂತ್ರ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಕಡತ ಮತ್ತು ಕೈಚಳಕ ಬದಲಿಸಲು ತಿಂಗಳುಗಳು ಬೇಕು. ಕೊನೆಯ ವಾರದಲ್ಲಿ ಓಡಿಬರಬೇಡಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಕನ್ನಡಿಗರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಲೇಕ್ ಮಾರ್ಕೆಟ್ ಸುತ್ತಮುತ್ತ ತಲೆಮಾರುಗಳಿಂದ ನೆಲೆಸಿದ ದಕ್ಷಿಣದವರ ಮನೆಗಳಲ್ಲಿ, ಹಾಗೆಯೇ ಕರ್ನಾಟಕದ ಸಾವಿರಾರು ಮನೆ-ಕಚೇರಿಗಳಲ್ಲಿ, ಹಿರಿಯರು ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪಿಸಿದ ಕಡತಗಳಿವೆ: ಆತ್ಮಕಥನ, ಸಂಘದ ನಡಾವಳಿ, ವಂಶವೃಕ್ಷ. ಅವುಗಳಲ್ಲಿ ಹಳೆಯವು ಯೂನಿಕೋಡ್ ಅಲ್ಲ. ಕನ್ನಡದಂತೆ ಕಾಣುವುದು ಆ ಫಾಂಟ್ ಇದ್ದರೆ ಮಾತ್ರ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಪುಟಪುಟ ಓದಿ ಸರಿನೋಡಿ. ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಇಡಿ. ಇದಕ್ಕೆ ತಡಮಾಡಿದರೆ ಕಳೆದುಹೋಗುವುದು ಮನೆಯ ನೆನಪು. ಹೊಸ ಕಡತಗಳಿಗೆ ಚಿಂತೆಯಿಲ್ಲ: ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಕೆಜಿಪಿ, ಇನ್‌ಸ್ಕ್ರಿಪ್ಟ್ ವಿನ್ಯಾಸಗಳೆರಡೂ ಸಿಗುತ್ತವೆ, ನೋಟೋ, ಲೋಹಿತ್, ನವಿಲು, ಗುಬ್ಬಿ ಫಾಂಟುಗಳಿವೆ. ಅಭ್ರೋ ಕೀಲಿಮಣೆಗೆ ಒಗ್ಗಿದ ಬಂಗಾಳಿ ನೆರೆಯವರಿಗೆ ಅದೇ ಬಗೆಯಲ್ಲಿ ಟೈಪಿಸಲು ಓಪನ್‌ಬಾಂಗ್ಲಾ ಇದೆ.

ಲಿನಕ್ಸೂ ಕೋಟೆಯಲ್ಲ

ಲಿನಕ್ಸ್ ಹಾಕಿದರೆ ಎಲ್ಲ ಭಯವೂ ಹೋಯಿತೆಂದು ನಾನು ಹೇಳಿದರೆ ಅದು ಸುಳ್ಳಾದೀತು. 2016ರ ಫೆಬ್ರವರಿ 20ರಂದು ಕನ್ನಗಳ್ಳರು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ನುಗ್ಗಿ, ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿರುವ ನಕಲಿ ಪ್ರತಿಗೆ ತಿರುಗಿಸಿದ್ದರು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಯಾರೋ ಎರಡು ವರ್ಷ ಸಜ್ಜನಿಕೆ ನಟಿಸಿ ಹುದುಗಿಸಿದ್ದ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಪತ್ತೆಹಚ್ಚಿದರು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದ್ದುದೇ ಅವರಿಗೆ ಸಿಕ್ಕ ಸುಳಿವು. ಎರಡೂ ಬೇಗ ಸಿಕ್ಕಿಬಿದ್ದವು, ಬೇಗ ತೇಪೆ ಬಂತು. ಆದರೂ ಡೌನ್‌ಲೋಡ್ ಮಾಡಿದ ಕಡತ ಅಸಲಿಯೇ ಎಂದು ತಿಳಿಸುವ ಚೆಕ್‌ಸಮ್ ತಾಳೆನೋಡುವ ಐದು ನಿಮಿಷವನ್ನು ಉಳಿಸಲು ಹೋಗಬೇಡಿ. ಫೋನಿನಲ್ಲಿ ಒಟಿಪಿ ಕೇಳುವ ಮೋಸಗಾರನಿಂದ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಕಾಪಾಡುವುದಿಲ್ಲ.

ಮಾಡುವ ಕ್ರಮ ಸರಳ. ಮೊದಲು ಎಲ್ಲ ಕಡತಗಳ ಎರಡು ಪ್ರತಿ, ಎರಡು ಬೇರೆ ಜಾಗದಲ್ಲಿ. ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದಾದರೆ ಅದರ ರಿಕವರಿ ಕೀ ಕಾಗದದ ಮೇಲೆ. ಆಮೇಲೆ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ಡಿಸ್ಟ್ರೋ ಹಾಕಿಕೊಂಡು, ವಿಂಡೋಸನ್ನು ಮುಟ್ಟದೆಯೇ ಅದರಿಂದ ಕಂಪ್ಯೂಟರು ಹೊತ್ತಿಸಿ. ವೈಫೈ, ಧ್ವನಿ, ಪ್ರಿಂಟರ್, ಸ್ಕ್ಯಾನರ್, ಬ್ಯಾಂಕಿನ ಪುಟ ಒಂದೊಂದನ್ನೂ ಪರೀಕ್ಷಿಸಿ. ವಾರವಿಡೀ ಹೀಗೆ ಬಳಸಿ ನೋಡಿದರೂ ನಷ್ಟವಿಲ್ಲ. ಒಗ್ಗಿತೆನ್ನಿಸಿದರೆ ನಮ್ಮ ಕೋಲ್ಕತ್ತಾದ ಚಾಂದನಿ ಚೌಕಿನಂಥ ಪೇಟೆಯಿಂದ ಒಂದು ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕನ್ನು ಬಿಚ್ಚಿ ಜೋಪಾನವಾಗಿಟ್ಟು, ಹೊಸದರ ಮೇಲೆ ಲಿನಕ್ಸ್ ಹಾಕಿ. ಬೇಡವಾದರೆ ಹಳೆಯದನ್ನು ಮತ್ತೆ ಜೋಡಿಸಬಹುದು. ಸತ್ತಂತಿದ್ದ ಹಳೆಯ ಯಂತ್ರ ಎಸ್‌ಎಸ್‌ಡಿ ಸಿಕ್ಕೊಡನೆ ಚುರುಕಾಗುವುದು ಜೊತೆಗೆ ಬರುವ ಲಾಭ.

2025ರ ಸೆಪ್ಟೆಂಬರ್ 23ರ ನಸುಕಿನಲ್ಲಿ, ವಿಂಡೋಸ್ 10 ಮುಗಿಯಲು ಮೂರು ವಾರವಿದ್ದಾಗ, ನಮ್ಮ ಪಕ್ಕದ ಜೋಧ್‌ಪುರ್ ಪಾರ್ಕ್‌ನಲ್ಲಿ ಕೆಲವೇ ಗಂಟೆಗಳಲ್ಲಿ 280 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನೆಲಮಹಡಿಯವರ ಪೈಕಿ ಬಚಾವಾದವರು ಮಂಚ, ಫ್ರಿಜ್ಜುಗಳ ಕೆಳಗೆ ಮೊದಲೇ ಇಟ್ಟಿಗೆ ಕೊಟ್ಟಿದ್ದವರು. ನೀರು ಮೊಣಕಾಲಿಗೆ ಬಂದ ಮೇಲೆ ಇಟ್ಟಿಗೆ ಹುಡುಕಲಾಗುವುದಿಲ್ಲವೆಂದು ಈ ಕೇರಿಗೆ ಅನುಭವದಿಂದ ಗೊತ್ತು.

2026ರ ಅಕ್ಟೋಬರ್ 13 ಬರುವುದು ಮಹಾಲಯ ಕಳೆದು, ದುರ್ಗಾಪೂಜೆಗೆ ಕೇರಿಯ ಕ್ಲಬ್ಬುಗಳು ಹಗಲಿರುಳು ಓಡಾಡುವ ವಾರದಲ್ಲಿ. ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಅದಕ್ಕೇ ನಾನು ಅಂಗಡಿಯವರೊಡನೆ ಬೇರೆ ದಿನ ಗೊತ್ತುಮಾಡಿಕೊಂಡಿದ್ದೇನೆ. ಬಂಗಾಳದಲ್ಲಿ ಯಂತ್ರಗಳ ಪೂಜೆ ವಿಶ್ವಕರ್ಮನ ದಿನ, ಸೆಪ್ಟೆಂಬರ್ 17ರಂದು. ನಮ್ಮಲ್ಲಿ ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮವಿಡುವಂತೆ ಅವರು ಅಂದು ಪ್ರಿಂಟರಿಗೆ ಹಾರ ಹಾಕುತ್ತಾರೆ. ಅದಕ್ಕೆ ಮೊದಲೇ ಪೆನ್‌ಡ್ರೈವ್‌ನಿಂದ ಮಿಂಟ್ ಹೊತ್ತಿಸಿ, ಅವರ ಪ್ರಿಂಟರ್ ಓಡುತ್ತದೋ ಇಲ್ಲವೋ ಇಬ್ಬರೂ ಕೂತು ನೋಡುವುದೆಂದು ಮಾತಾಗಿದೆ. ಓಡಿದರೆ ಹೊಸ ಡಿಸ್ಕಿಗೂ ಒಂದು ಹೂ. ಓಡದಿದ್ದರೆ ಬೇರೆ ಪ್ರಿಂಟರೋ, ವಿಂಡೋಸ್ 11 ಒಪ್ಪುವ ಹಳೆ ಯಂತ್ರವೋ ಹುಡುಕಲು ಇನ್ನೂ ಸಮಯವಿರುತ್ತದೆ. ಈ ಕೇರಿಯ ಎಷ್ಟೋ ಜನರ ಆಧಾರ್ ಪ್ರತಿ ಆ ಮೇಜನ್ನು ದಾಟಿದೆ, ನನ್ನದೂ ಸೇರಿ. ನಿಮ್ಮ ಕೇರಿಯಲ್ಲೂ ಅಂಥ ಒಂದು ಮೇಜಿರುತ್ತದೆ. ಮುಂದಿನ ಸಲ ಅಲ್ಲಿ ಪ್ರಿಂಟ್ ತೆಗೆಸಲು ನಿಂತಾಗ ಪರದೆಯತ್ತ ಒಮ್ಮೆ ನೋಡಿ, ಕೇಳಿ: ಇದಕ್ಕೆ ತೇಪೆ ಬರುತ್ತಿದೆಯೇ?